ಪೆನ್‌ರೋಸ್ ಹೇಳಿದ್ದೇ ಸರಿ ಅಂತಾದರೂ ಬಿಪಿ ಮಾತ್ರೆ ಬಿಡಬೇಡಿ

ಆಪರೇಷನ್‌ಗೆ ಮುಂಚಿನ ತಪಾಸಣೆಗೆ ಬರುವವರು ಇತ್ತೀಚೆಗೆ ಇಸಿಜಿ ರಿಪೋರ್ಟಿನ ಜತೆಗೆ ಫೋನಿನಲ್ಲಿ ಒಂದು ವಿಡಿಯೊ ಕೂಡ ತರುತ್ತಾರೆ. ‘ಪ್ರಜ್ಞೆ ಅಂದ್ರೆ ಕ್ವಾಂಟಮ್ ಅಂತೆ ಡಾಕ್ಟ್ರೇ, ಮನಸ್ಸು ಗಟ್ಟಿ ಮಾಡಿದ್ರೆ ದೇಹದ ಕಣಕಣವೂ ಮಾತು ಕೇಳುತ್ತಂತೆ, ಹೌದಾ?’ ಮುಂಬೈಯ ನಮ್ಮ ಕನ್ನಡದವರು ಈ ಪ್ರಶ್ನೆಯನ್ನು ನನ್ನ ಹತ್ತಿರ ಮದುವೆ ಮನೆಯಲ್ಲೂ ಕೇಳುತ್ತಾರೆ. ವಿಡಿಯೊದಲ್ಲಿ ಒಂದು ದೊಡ್ಡ ಹೆಸರು ಇದ್ದೇ ಇರುತ್ತದೆ: ನೊಬೆಲ್ ಪಡೆದ ಭೌತವಿಜ್ಞಾನಿ ರೋಜರ್ ಪೆನ್‌ರೋಸ್. ಆ ಹೆಸರು ಬಂದರೆ ಮಾತು ಮುಗಿಯಿತು ಅಂತ ಲೆಕ್ಕ.

ಪೆನ್‌ರೋಸ್ ಅವರಿಗೆ 2020ರಲ್ಲಿ ನೊಬೆಲ್ ಬಂದದ್ದು ಕಪ್ಪುಕುಳಿಗಳ ಮೇಲಿನ ಕೆಲಸಕ್ಕೆ. ಪ್ರಜ್ಞೆಯ ವಿಚಾರವನ್ನು ಅವರು 1990ರ ದಶಕದಲ್ಲಿ ಅಮೆರಿಕದ ಸ್ಟುವರ್ಟ್ ಹ್ಯಾಮೆರಾಫ್ ಜತೆ ಸೇರಿ ಬೆಳೆಸಿದರು. ಹ್ಯಾಮೆರಾಫ್ ನನ್ನ ಹಾಗೆಯೇ ಅರಿವಳಿಕೆ ವೈದ್ಯರು. ನರಕೋಶದ ಒಳಗೆ ಮೈಕ್ರೊಟ್ಯೂಬ್ಯೂಲ್ ಎಂಬ ಸಣ್ಣ ಸಣ್ಣ ಪ್ರೋಟೀನ್ ಕೊಳವೆಗಳಿವೆ. ಅವುಗಳಲ್ಲಿ ಕ್ವಾಂಟಮ್ ಸ್ಥಿತಿಗಳು, ಅಂದರೆ ಒಂದೇ ಹೊತ್ತಿಗೆ ಹಲವು ಸಾಧ್ಯತೆಗಳು ಬೆರೆತಿರುವ ಸ್ಥಿತಿಗಳು, ಕಟ್ಟಿಕೊಳ್ಳುತ್ತವೆ, ಗುರುತ್ವಕ್ಕೆ ಸಂಬಂಧಪಟ್ಟ ಕಾರಣದಿಂದ ತಾವಾಗಿಯೇ ಒಂದೇ ಸಾಧ್ಯತೆಗೆ ಕುಸಿಯುತ್ತವೆ, ಹಾಗೆ ಕುಸಿದಾಗ ಅರಿವಿನ ಒಂದು ಕ್ಷಣ ಹುಟ್ಟುತ್ತದೆ ಎಂಬುದು ಅವರಿಬ್ಬರ ವಾದ.

ಈಗ ದಯವಿಟ್ಟು ನಿಧಾನವಾಗಿ ಓದಿ. ಈ ವಾದದಲ್ಲಿ ಮೊದಲು ಕುಸಿತ, ಅದರಿಂದ ಅರಿವು. ವಿಡಿಯೊದವರು ಮಾರುವುದು ಇದರ ತಿರುವುಮುರುವು: ಮೊದಲು ಅರಿವು, ಅದು ಹೇಳಿದಂತೆ ಕಣ. ಮಳೆ ಬಂದರೆ ಅಂಗಳ ಒದ್ದೆಯಾಗುತ್ತದೆ. ಅಂಗಳಕ್ಕೆ ನೀರು ಹಾಕಿದರೆ ಮಳೆ ಬರುತ್ತದೆಯೇ? ಪೆನ್‌ರೋಸ್ ನೂರಕ್ಕೆ ನೂರು ಸರಿ ಅಂತ ನಾಳೆಯೇ ಸಾಬೀತಾಗಲಿ. ಆಗಲೂ ನೀವು ಸಂಕಲ್ಪ ಮಾಡಿದ್ದಕ್ಕೆ ಪಿತ್ತಕೋಶದ ಕಲ್ಲು ಕರಗುತ್ತದೆ ಅಂತ ಆಗುವುದಿಲ್ಲ. ಅವರ ಸಿದ್ಧಾಂತದಲ್ಲಿ ಅಂಥ ಮಾತೇ ಇಲ್ಲ.

‘ಆದರೆ ನಾವು ನೋಡಿದರೆ ಸಾಕು, ಕಣದ ನಡತೆ ಬದಲಾಗುತ್ತದಲ್ವಾ?’ ಎನ್ನುವುದು ಮುಂದಿನ ಪ್ರಶ್ನೆ. ಮನಸ್ಸಿಗೆ ಇಲ್ಲಿ ಪಾತ್ರ ಇದೆ ಅಂತ ಭೌತವಿಜ್ಞಾನಿ ಯುಜೀನ್ ವಿಗ್ನರ್ 1961ರಲ್ಲಿ ಬರೆದದ್ದು ನಿಜ. ಆಮೇಲೆ ಅವರೇ ಆ ನಿಲುವು ಬಿಟ್ಟರು. ವಿಯೆನ್ನಾದಲ್ಲಿ ಒಂದು ಪ್ರಯೋಗ ನಡೆಯಿತು, 2004ರಲ್ಲಿ ಪ್ರಕಟವಾಯಿತು. ಎಪ್ಪತ್ತು ಕಾರ್ಬನ್ ಪರಮಾಣುಗಳ ಒಂದೊಂದು ಅಣುವನ್ನು ನಿರ್ವಾತದಲ್ಲಿ ಸಣ್ಣ ಸೀಳುಗಳ ಜಾಲರಿಗಳ ಮೂಲಕ ಹಾಯಿಸಿದರು. ಅಣುಗಳು ಅಲೆಯಂತೆ ನಡೆದುಕೊಂಡು ಪಟ್ಟೆಗಳ ವಿನ್ಯಾಸ ಮೂಡಿಸಿದವು. ಆಮೇಲೆ ದಾರಿಯಲ್ಲೇ ಲೇಸರ್‌ನಿಂದ ಅಣುಗಳನ್ನು ಕಾಯಿಸುತ್ತಾ ಹೋದರು. ಬಿಸಿ ಏರಿದಂತೆ ಪಟ್ಟೆಗಳು ಮಸುಕಾಗುತ್ತಾ ಬಂದು ಅಳಿಸಿಯೇ ಹೋದವು. ಕಾದ ಅಣು ಬೆಳಕಿನ ಕಣಗಳನ್ನು ಉಗುಳುತ್ತದೆ. ತಾನು ಯಾವ ದಾರಿಯಲ್ಲಿ ಹೋದೆ ಎಂಬ ಸುಳಿವು ಆ ಬೆಳಕಿನ ಜತೆ ಹೊರಗೆ ಸೋರಿಹೋಗುತ್ತದೆ. ಅಷ್ಟೇ ಸಾಕು. ಆ ಬೆಳಕನ್ನು ಯಾರೂ ಹಿಡಿದು ನೋಡಬೇಕಾಗಿಲ್ಲ.

ಡೊಂಬಿವಲಿಯ ಒಬ್ಬ ಹಿರಿಯರು ಹರ್ನಿಯಾ ಆಪರೇಷನ್‌ಗೆ ಬಂದಿದ್ದರು. ಕುಂದಾಪುರದ ಕಡೆಯವರು, ಹುಡುಗರಾಗಿ ಊರು ಬಿಟ್ಟು ಬಂದು ಹೋಟೆಲಿನಲ್ಲಿ ದುಡಿದವರು. ಬಿಪಿ 190/114. ‘ಮಾತ್ರೆ ತಗೊಳ್ತಾ ಇದ್ದೀರಾ?’ ಅಂದರೆ ‘ಹೌದು ಮಾರಾಯ್ರೆ’ ಅಂದರು. ಸೊಸೆ ನನ್ನನ್ನು ಹೊರಗೆ ಕರೆದು ನಿಜ ಹೇಳಿದರು: ಕ್ವಾಂಟಮ್ ಹೀಲಿಂಗ್ ಅಂತ ಕ್ಲಾಸಿಗೆ ಸೇರಿ ಒಂದು ತಿಂಗಳಿಂದ ಮಾತ್ರೆ ಬಿಟ್ಟಿದ್ದಾರೆ. ಆಪರೇಷನ್ ಮುಂದೆ ಹಾಕಿದೆವು. ನನಗೆ ಸಿಟ್ಟು ಬಂದದ್ದು ಅವರ ಮೇಲಲ್ಲ. ನಲವತ್ತು ವರ್ಷ ಲೆಕ್ಕ ತಪ್ಪದೆ ಗಲ್ಲಾ ನೋಡಿಕೊಂಡ ಮನುಷ್ಯನಿಗೆ ವಿಜ್ಞಾನದ ಹೆಸರು ಹೇಳಿ ಮೋಸ ಮಾಡಿದರಲ್ಲ, ಅದಕ್ಕೆ.

ಹಾಗಂತ ಅರಿವು ಎಂದರೇನು ಎಂಬ ಪ್ರಶ್ನೆಯೇ ಪೊಳ್ಳು ಅಂತ ನಾನು ಹೇಳಲಾರೆ. ಹಾಲಿನಂತಿರುವ ಅರಿವಳಿಕೆ ಔಷಧಿ ಪ್ರೊಪೊಫಾಲ್ ರಕ್ತನಾಳಕ್ಕೆ ಹೋಗುತ್ತದೆ. ಮಾತು ಅರ್ಧಕ್ಕೆ ನಿಲ್ಲುತ್ತದೆ. ರೆಪ್ಪೆಕೂದಲು ಮುಟ್ಟಿದರೂ ಕಣ್ಣು ಮಿಟುಕುವುದಿಲ್ಲ. ಎಲ್ಲ ಮುಗಿದ ಮೇಲೆ ಕಣ್ಣು ಬಿಟ್ಟವರು ‘ಯಾವಾಗ ಶುರು ಮಾಡ್ತೀರಿ?’ ಅಂತ ಕೇಳುತ್ತಾರೆ. 1846ರಲ್ಲಿ ಬೋಸ್ಟನ್‌ನಲ್ಲಿ ಜನರ ಮುಂದೆ ಈಥರ್ ಕೊಟ್ಟ ದಿನದಿಂದ ನಾವು ಅರಿವನ್ನು ಆರಿಸಿ ಮತ್ತೆ ಹೊತ್ತಿಸುತ್ತಿದ್ದೇವೆ. ಔಷಧಿ ನರಕೋಶದ ಯಾವ ಗ್ರಾಹಕಕ್ಕೆ ಅಂಟುತ್ತದೆ ಎನ್ನುವುದು ಸಾಕಷ್ಟು ಗೊತ್ತು. ಅಲ್ಲಿಂದ ಅರಿವು ಹೇಗೆ ಆರುತ್ತದೆ ಎನ್ನುವುದು ಇನ್ನೂ ಪೂರ್ತಿ ಬಿಡಿಸಿಲ್ಲ. ಕ್ಸೆನಾನ್‌ನಂಥ, ಯಾರ ಜತೆಗೂ ಸುಲಭಕ್ಕೆ ಬೆರೆಯದ ಅನಿಲ ಕೂಡ ಮನುಷ್ಯನನ್ನು ಮಲಗಿಸುತ್ತದೆ. 2018ರಲ್ಲಿ ಇಲಿಗಳ ಮೇಲೆ ನಡೆದ ಒಂದು ಅಧ್ಯಯನದಲ್ಲಿ, ನ್ಯೂಕ್ಲಿಯಸ್‌ಗೆ ಸ್ಪಿನ್ ಎಂಬ ಕ್ವಾಂಟಮ್ ಗುಣ ಇರುವ ಕ್ಸೆನಾನ್ ಐಸೊಟೋಪ್‌ಗಳು ಸ್ಪಿನ್ ಇಲ್ಲದವುಗಳಿಗಿಂತ ಕಡಿಮೆ ಪರಿಣಾಮ ತೋರಿಸಿದವು. ಐಸೊಟೋಪ್ ಅಂದರೆ ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣು, ರಾಸಾಯನಿಕವಾಗಿ ಎರಡೂ ಒಂದೇ. ಅದನ್ನು ಓದಿದಾಗ ನನಗೂ ಮೈ ಜುಮ್ಮೆಂದಿತ್ತು. ಆದರೆ ಒಂದು ಪ್ರಯೋಗದ ಮೇಲೆ ನಾನು ಏನನ್ನೂ ಕಟ್ಟಲಾರೆ.

ಪೆನ್‌ರೋಸ್ ವಾದಕ್ಕಿರುವ ಅಡ್ಡಿಗಳೂ ಸಣ್ಣವಲ್ಲ. ನಮ್ಮ ಕೊಲಾಬಾದ ಟಿಐಎಫ್‌ಆರ್ ಎಂಬ ವಿಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ ಕ್ವಾಂಟಮ್ ಚಿಪ್‌ಗಳನ್ನು ಮೈನಸ್ 273 ಡಿಗ್ರಿಯ ಹತ್ತಿರಕ್ಕೆ ತಣ್ಣಗೆ ಮಾಡಿ ಇಡುತ್ತಾರೆ. ಅಷ್ಟು ಜೋಪಾನ ಮಾಡಿದರೂ ಅವುಗಳ ಕ್ವಾಂಟಮ್ ಸ್ಥಿತಿ ಬೇಗನೆ ಕೆಡುತ್ತದೆ. ಮಿದುಳು 37 ಡಿಗ್ರಿಯ ಒದ್ದೆ ಜಾಗ. ಅಲ್ಲಿ ಇಂಥ ಸ್ಥಿತಿ ಸೆಕೆಂಡಿನ ಲಕ್ಷ ಕೋಟಿಯ ಒಂದು ಪಾಲಿಗಿಂತಲೂ ಕಡಿಮೆ ಹೊತ್ತು ನಿಲ್ಲುತ್ತದೆ ಅಂತ ಭೌತವಿಜ್ಞಾನಿ ಮ್ಯಾಕ್ಸ್ ಟೆಗ್ಮಾರ್ಕ್ 2000ದಲ್ಲಿ ಲೆಕ್ಕ ಹಾಕಿದರು. ನರಕೋಶದ ಕೆಲಸಕ್ಕೆ ಮಿಲಿಸೆಕೆಂಡುಗಳು ಬೇಕು. ಹ್ಯಾಮೆರಾಫ್ ಕಡೆಯವರು ಆ ಲೆಕ್ಕವನ್ನು ಒಪ್ಪಲಿಲ್ಲ, ಜಗಳ ನಡೆಯುತ್ತಿದೆ, ನಡೆಯಲಿ.

ಧ್ಯಾನ ಮಾಡಿ, ಜಪ ಮಾಡಿ, ನಾನು ಬೇಡ ಅನ್ನುವುದಿಲ್ಲ. ಮನಸ್ಸು ಶಾಂತವಾಗಿದ್ದರೆ ನನ್ನ ಕೆಲಸವೂ ಸುಲಭ. ಬಿಪಿ ಮಾತ್ರೆಗಳಲ್ಲಿ ಕೆಲವನ್ನು ಆಪರೇಷನ್ ದಿನ ಬೆಳಿಗ್ಗೆ ಒಂದು ಗುಟುಕು ನೀರಿನಲ್ಲಿ ತಗೊಳ್ಳಲು ಹೇಳುತ್ತೇವೆ, ಕೆಲವನ್ನು ಹಿಂದಿನ ದಿನವೇ ನಿಲ್ಲಿಸಲು ಹೇಳುತ್ತೇವೆ. ಯಾವುದು ಯಾವಾಗ ಎನ್ನುವುದು ಆಯಾ ರೋಗಿಯ ಮೇಲೆ ಹೋಗುತ್ತದೆ. ಅದಕ್ಕೆ ಮಾತ್ರೆಯ ಹಾಳೆಯನ್ನೇ ಜತೆಗೆ ತನ್ನಿ. ಬಿಟ್ಟಿದ್ದರೆ ಎಂದಿನಿಂದ ಬಿಟ್ಟಿದ್ದೀರಿ ಅಂತ ಹೇಳಿ. ನಾನು ಬೈಯುವುದಿಲ್ಲ.