ಆ ಸೀನ್‌ನಲ್ಲಿ ನಿರ್ಧಾರ ಯಾರದ್ದು?

ಧಾರಾವಾಹಿ, ವೆಬ್ ಸರಣಿಗಳ ಚಿತ್ರಕಥೆ ತಿದ್ದುವುದು ನನ್ನ ಕೆಲಸ. ಡ್ರಾಫ್ಟ್ ಕೈಗೆ ಬಂದ ಕೂಡಲೇ ಪಾತ್ರಗಳ ಪರಿಚಯ ಓದುತ್ತೇನೆ. ಗಂಡಸಿನ ಬಗ್ಗೆ ‘ವಕೀಲ, ಹಟಮಾರಿ, ಮೈತುಂಬ ಸಾಲ’ ಅಂತಿರುತ್ತದೆ. ಹೆಂಗಸಿನ ಬಗ್ಗೆ? ‘ಮೂವತ್ತರ ಆಸುಪಾಸು, ನೋಡೋಕೆ ಚೆಂದ.’ ಅಷ್ಟೇ. ನಟಿ ಇದರಿಂದ ಏನು ಹಿಡಿದುಕೊಂಡು ಅಭಿನಯಿಸಬೇಕು?

ಆಮೇಲೆ ಪೆನ್ಸಿಲ್ ಹಿಡಿದು ಪ್ರತಿ ಸೀನ್ ಪಕ್ಕ ಒಂದು ಹೆಸರು ಬರೆಯುತ್ತೇನೆ. ಇಲ್ಲಿ ನಿರ್ಧಾರ ಮಾಡಿದವರು ಯಾರು? ನಾಯಕಿ ಎಲ್ಲ ಕಡೆ ಇರುತ್ತಾಳೆ, ಆದರೆ ಆ ಪಟ್ಟಿಯಲ್ಲಿ ಅವಳ ಹೆಸರು ಅಪರೂಪ. ಅವಳು ಕೇಳಿಸಿಕೊಳ್ಳುತ್ತಾಳೆ, ಬೆಚ್ಚಿಬೀಳುತ್ತಾಳೆ, ಅಳುತ್ತಾಳೆ. ದಿನಾ ಬರುವ ಧಾರಾವಾಹಿಯಲ್ಲಿ ಇದಕ್ಕೆ ಕಾರಣವೂ ಇದೆ. ಕಥೆ ಮುಂದೆ ಹೋಗದೆ ಎಪಿಸೋಡ್ ತುಂಬಬೇಕಾದರೆ ರಿಯಾಕ್ಷನ್ ಶಾಟ್, ಅಂದರೆ ಮಾತು ಕೇಳಿದವರ ಮುಖ ತೋರಿಸುವ ಶಾಟ್ ಬೇಕು. ಅವಳು ಒಂದು ಮಾತು ಆಡಿಬಿಟ್ಟರೆ ಕಥೆಯ ಆ ಎಳೆ ಮುಗಿದೇ ಹೋಗುತ್ತದೆ. ಅದಕ್ಕೇ ಸತ್ಯ ಗೊತ್ತಿದ್ದೂ ತಿಂಗಳುಗಟ್ಟಲೆ ಬಾಯಿ ಬಿಡುವುದಿಲ್ಲ. ನಾವು ಅದಕ್ಕೆ ತಾಳ್ಮೆ, ತ್ಯಾಗ ಅಂತ ಹೆಸರಿಟ್ಟುಬಿಡುತ್ತೇವೆ.

1985ರಲ್ಲಿ ಅಮೆರಿಕದ ವ್ಯಂಗ್ಯಚಿತ್ರಗಾರ್ತಿ ಆಲಿಸನ್ ಬೆಕ್ಡೆಲ್ ತಮ್ಮ ಕಾಮಿಕ್ಸ್‌ನಲ್ಲಿ ಸಿನಿಮಾಗೊಂದು ಸರಳ ಪರೀಕ್ಷೆ ಬರೆದರು. ಇಬ್ಬರು ಹೆಂಗಸರಿರಬೇಕು, ಒಬ್ಬರಿಗೊಬ್ಬರು ಮಾತಾಡಬೇಕು, ಮಾತು ಗಂಡಸಿನ ಬಗ್ಗೆ ಅಲ್ಲದೆ ಬೇರೇನಾದರೂ ಇರಬೇಕು. ಇದು ತೀರಾ ಕನಿಷ್ಠ, ಅಲ್ವಾ? ಆದರೂ ಎಷ್ಟೋ ಡ್ರಾಫ್ಟ್‌ಗಳು ಇಲ್ಲೇ ಎಡವುತ್ತವೆ.

ಬರೆಯುವವರದ್ದೇ ತಪ್ಪು ಅಂತಲ್ಲ. ‘ಕ್ಯಾಗ್ನಿ ಅಂಡ್ ಲೇಸಿ’ ಇಬ್ಬರು ಮಹಿಳಾ ಪತ್ತೇದಾರರ ಅಮೆರಿಕನ್ ಟಿವಿ ಸರಣಿ. 1982ರಲ್ಲಿ ಶುರುವಾದಾಗ, ಈ ಹೆಂಗಸರು ತೀರಾ ಗಡುಸು ಅಂತ ಚಾನೆಲ್‌ನವರಿಗೆ ಅನ್ನಿಸಿತು. ಮೊದಲ ಆರು ಎಪಿಸೋಡ್ ಆದಮೇಲೆ ಒಬ್ಬ ನಟಿಯನ್ನೇ ಬದಲಿಸಿದರು. ಮರುವರ್ಷ ಸರಣಿಯನ್ನೇ ನಿಲ್ಲಿಸಿದರು. ಪ್ರೇಕ್ಷಕರು ಪತ್ರದ ಮೇಲೆ ಪತ್ರ ಬರೆದ ಮೇಲೆ ಅದು ವಾಪಸ್ ಬಂತು. ‘ಇವಳನ್ನ ಸ್ವಲ್ಪ ಮೆದು ಮಾಡಿ’ ಅನ್ನೋ ಸೂಚನೆ ನನಗೆ ಇವತ್ತಿಗೂ ಬರುತ್ತದೆ. ಗಂಡು ಪಾತ್ರದ ಬಗ್ಗೆ ಒಮ್ಮೆಯೂ ಬಂದಿಲ್ಲ.

ಓಟಿಟಿಗೆ ಬಂದಾಗ ನನಗೆ ತುಂಬಾ ಆಸೆ ಇತ್ತು. ಒಳ್ಳೆಯ ಪಾತ್ರಗಳು ಬಂದಿವೆ, ನಿಜ. ಜೊತೆಗೆ ‘ಗಟ್ಟಿ ಹೆಣ್ಣು’ ಅನ್ನೋ ಹೊಸ ಅಚ್ಚೂ ಬಂತು. ಕೈಗೊಂದು ಬಂದೂಕು, ಹಿಂದೆ ಒಂದು ಅತ್ಯಾಚಾರದ ಕಥೆ. ಅವಳ ನೋವನ್ನು ಸುಮ್ನೆ ಕಥೆಗೆ ಇಂಧನ ಮಾಡುವುದು ನನಗೆ ಸಿಟ್ಟು ತರಿಸುತ್ತದೆ. ಆ ಘಟನೆಯನ್ನು ಕ್ಯಾಮೆರಾ ಯಾರ ಕಣ್ಣಿಂದ ನೋಡುತ್ತಿದೆ ಅಂತ ಅಂಥ ಪುಟದಲ್ಲಿ ಬರೆದು ಕೇಳುತ್ತೇನೆ.

ಈಚೆಗೆ ತಿದ್ದಿದ ಒಂದು ಸೀನ್ ಹೇಳುತ್ತೇನೆ. ಶಸ್ತ್ರಚಿಕಿತ್ಸೆ ಮಾಡುವ ವೈದ್ಯೆ ತಡರಾತ್ರಿ ಮನೆಗೆ ಬರುತ್ತಾಳೆ. ಮಗುವಿಗೆ ಜ್ವರ. ಗಂಡ ‘ನಿನಗೆ ಆಸ್ಪತ್ರೆನೇ ಜಾಸ್ತಿ’ ಅನ್ನುತ್ತಾನೆ. ಅವಳು ಅಳುತ್ತಾಳೆ. ಕಣ್ಣೀರಿನ ಕ್ಲೋಸಪ್, ಸೀನ್ ಮುಗೀತು.

‘ಅತ್ತಮೇಲೆ ಏನು ಮಾಡ್ತಾಳೆ?’ ಅಂತ ಸೀನ್ ಬರೆದ ಹುಡುಗನನ್ನು ಕೇಳಿದೆ. ಅವನು ಯೋಚಿಸಿಯೇ ಇರಲಿಲ್ಲ. ಇಬ್ಬರೂ ಕೂತು ಮತ್ತೆ ಬರೆದೆವು. ಅವಳು ಬ್ಯಾಗ್ ಇಳಿಸಿ ಮಗುವಿನ ಜ್ವರ ನೋಡುತ್ತಾಳೆ. ಔಷಧಿ ಕೊಟ್ಟ ಸಮಯವನ್ನು ಚೀಟಿಯಲ್ಲಿ ಬರೆಯುತ್ತಾಳೆ. ಆ ಚೀಟಿಯನ್ನು ಗಂಡನ ಕೈಗಿಟ್ಟು ‘ಬೆಳಗ್ಗೆ ಆರಕ್ಕೆ ಮತ್ತೆ ಕೊಡಬೇಕು. ಅದು ನಿನ್ನ ಪಾಳಿ’ ಅನ್ನುತ್ತಾಳೆ.

ಕ್ಲೋಸಪ್ ಈಗ ಆ ಚೀಟಿಯ ಮೇಲಿದೆ. ಸೀನ್ ಪಕ್ಕ ಪೆನ್ಸಿಲ್‌ನಲ್ಲಿ ಅವಳ ಹೆಸರು ಬರೆದೆ.