ಹಿಮ್ಮಡಿ ಮುಟ್ಟಿ ನೋಡಿದ ಸಿಸ್ಟರ್

ಸ್ಟ್ರೋಕ್ ಆದ ಅತ್ತೆಯನ್ನು ಆಸ್ಪತ್ರೆಯಿಂದ ಮುಂಬೈ ಬಳಿಯ ಡೊಂಬಿವಿಲಿಯ ನಮ್ಮ ಮನೆಗೆ ಕರೆತಂದಿದ್ದೆವು. ಮರುದಿನ ಬಿಪಿ ನೋಡಲು ಬಂದ ಸಿಸ್ಟರ್ ಮೊದಲು ಕಾಲ ಮೇಲಿನ ಹೊದಿಕೆ ಸರಿಸಿದರು. ಕೈಯ ಹಿಂಬದಿಯಿಂದ ಎರಡೂ ಹಿಮ್ಮಡಿ ಮುಟ್ಟಿದರು. ಆಮೇಲೆ ಸೊಂಟದ ಹಿಂದೆ ಮುಟ್ಟಿ ನೋಡಿದರು. "ರಾತ್ರಿ ಎಷ್ಟು ಸಲ ಮಗ್ಗುಲು ಬದಲಿಸಿದ್ರಿ ಅಕ್ಕ?" ಅಂತ ಕೇಳಿದರು. ಒಂದು ಸಲವೂ ಇಲ್ಲ. ನಿದ್ದೆ ಕೆಡಬಾರದೆಂದು ಸುಮ್ನೆ ಬಿಟ್ಟಿದ್ದೆವು.

ಅವರು ಹುಡುಕುತ್ತಿದ್ದದ್ದು ಹಾಸಿಗೆ ಹುಣ್ಣನ್ನಲ್ಲ, ಅದು ಆಗುವ ಸೂಚನೆಯನ್ನು. ನಾವು ನಿದ್ದೆಯಲ್ಲೂ ಗೊತ್ತಿಲ್ಲದೆ ಹೊರಳುತ್ತೇವೆ ಅಲ್ವಾ? ಸ್ವಾಧೀನ ತಪ್ಪಿದ ದೇಹ ಹೊರಳುವುದಿಲ್ಲ. ಮೂಳೆ ಮತ್ತು ಹಾಸಿಗೆಯ ನಡುವೆ ಸಿಕ್ಕ ಸಣ್ಣ ರಕ್ತನಾಳಗಳು ಅಮುಕಿಹೋಗುತ್ತವೆ. ರಕ್ತ ಹರಿಯದ ಮಾಂಸ ಸಾಯಲು ಶುರುವಾಗುತ್ತದೆ. ಎಷ್ಟೋ ಸಲ ಇದು ಒಳಗೆ, ಮೂಳೆಯ ಹತ್ತಿರವೇ ಶುರುವಾಗುತ್ತದೆ. ಹೊರಗಿನ ಚರ್ಮ ಚೆನ್ನಾಗಿಯೇ ಕಾಣುತ್ತಿರುತ್ತದೆ.

ಕೆಂಪಾದ ಜಾಗವನ್ನು ಬೆರಳಿಂದ ಒತ್ತಿ ಬಿಟ್ಟಾಗ ಅದು ಬಿಳಚಿ ಮತ್ತೆ ಕೆಂಪಾದರೆ ರಕ್ತ ಓಡಾಡುತ್ತಿದೆ ಎಂದರ್ಥ. ಬಿಳಚದೆ ಹಾಗೇ ಕೆಂಪಾಗಿ ಉಳಿದರೆ ಪೆಟ್ಟು ಬಿದ್ದಿದೆ. ಆದರೆ ನಮ್ಮಂಥ ಕಂದು ಮೈಯಲ್ಲಿ ಆ ಕೆಂಪು ಸರಿಯಾಗಿ ಕಾಣುವುದೇ ಇಲ್ಲ! ಅದಕ್ಕೇ ಮುಟ್ಟಿ ನೋಡಬೇಕು. ಸುತ್ತಲಿಗಿಂತ ಬಿಸಿಯೋ, ತಣ್ಣಗೋ, ಗಟ್ಟಿಯೋ, ಮೆತ್ತಗೋ? ಸಿಸ್ಟರ್ ಕೈ ಕೇಳುತ್ತಿದ್ದದ್ದು ಇದನ್ನೇ.

ಈ ಅಂದಾಜಿಗೆ ಅಂಕಗಳೂ ಇವೆ. 1980ರ ದಶಕದಲ್ಲಿ ಅಮೆರಿಕದ ನರ್ಸ್‌ಗಳಾದ ಬಾರ್ಬರಾ ಬ್ರೇಡನ್ ಮತ್ತು ನ್ಯಾನ್ಸಿ ಬರ್ಗ್‌ಸ್ಟ್ರಾಮ್ ಮಾಡಿದ ಬ್ರೇಡನ್ ಸ್ಕೇಲ್ ನರ್ಸ್‌ಗಳಿಗೆ ಚಿರಪರಿಚಿತ. ನೋವು ತಿಳಿಯುತ್ತದೆಯೇ, ಚರ್ಮ ಒದ್ದೆಯಾಗಿರುತ್ತದೆಯೇ, ಎದ್ದು ಓಡಾಡುತ್ತಾರೆಯೇ, ತಾವೇ ಹೊರಳುತ್ತಾರೆಯೇ, ಊಟ ಸಾಕಷ್ಟು ಸೇರುತ್ತದೆಯೇ, ಚರ್ಮ ಉಜ್ಜಿ ಎಳೆಯುತ್ತದೆಯೇ? ಒಟ್ಟು 6ರಿಂದ 23 ಅಂಕ. ಕಡಿಮೆಯಾದಷ್ಟೂ ಅಪಾಯ ಜಾಸ್ತಿ. ಸಾಮಾನ್ಯವಾಗಿ 18 ಅಥವಾ ಅದಕ್ಕಿಂತ ಕಡಿಮೆ ಬಂದರೆ ಎಚ್ಚರ ವಹಿಸುತ್ತಾರೆ.

ಆ ಕೊನೆಯ ಪ್ರಶ್ನೆ ನನ್ನ ಕಣ್ಣು ತೆರೆಸಿತು. ತಲೆದಿಂಬು ಎತ್ತರಿಸಿ ಕೂರಿಸಿದಾಗ ಅತ್ತೆ ಮೆಲ್ಲಗೆ ಜಾರುತ್ತಿದ್ದರು. ಚರ್ಮ ಬೆಡ್‌ಶೀಟಿಗೆ ಅಂಟಿಕೊಂಡಿರುತ್ತದೆ, ಒಳಗಿನ ಮೂಳೆ ಮಾತ್ರ ಕೆಳಗೆ ಸರಿಯುತ್ತದೆ. ನಡುವಿನ ರಕ್ತನಾಳಗಳು ಜಗ್ಗಿ ಹಾಳಾಗುತ್ತವೆ. ನಾವೋ, ಕಂಕುಳಿಗೆ ಕೈಹಾಕಿ ದರದರ ಎಳೆದು ಮೇಲೆ ತರುತ್ತಿದ್ದೆವು. ಇಬ್ಬರು ಸೇರಿ ಬೆಡ್‌ಶೀಟ್ ಸಮೇತ ಎತ್ತಬೇಕಂತೆ. ಕೆಂಪಾದಲ್ಲಿ ಕೊಬ್ಬರಿ ಎಣ್ಣೆ ಹಾಕಿ ತಿಕ್ಕಲೂ ಬಾರದು. ಪೆಟ್ಟಾದ ಮಾಂಸಕ್ಕೆ ಅದು ಇನ್ನೊಂದು ಪೆಟ್ಟು.

ಇದೇ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗ. 1973ರ ಕ್ರೂರ ಹಲ್ಲೆಯ ನಂತರ 2015ರವರೆಗೆ ಹಾಸಿಗೆಯಲ್ಲೇ ಇದ್ದರು. ಅಲ್ಲಿನ ನರ್ಸ್‌ಗಳೇ ಅವರನ್ನು ನೋಡಿಕೊಂಡರು. 37 ವರ್ಷಗಳಲ್ಲಿ ಅವರಿಗೆ ಒಂದೂ ಹಾಸಿಗೆ ಹುಣ್ಣು ಆಗಿಲ್ಲ ಎಂಬ ಮಾತು 2011ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿದೆ. ಪ್ರತಿ ಪಾಳಿಯಲ್ಲೂ ಯಾರೋ ಒಬ್ಬರು ಹೊರಳಿಸಿ, ಒರೆಸಿ, ಮುಟ್ಟಿ ನೋಡದೆ ಇದು ಆಗುವ ಮಾತೇ ಅಲ್ಲ. ಈ ಸಾಲು ನೆನೆದಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ.

ಅಂದು ರಾತ್ರಿ ಹಳೆಯ ಕ್ಯಾಲೆಂಡರಿನ ಹಾಳೆ ತಿರುಗಿಸಿ ಬರೆದು ಅಂಟಿಸಿದೆವು: 10ಕ್ಕೆ ಎಡ, 12ಕ್ಕೆ ಬೆನ್ನು, 2ಕ್ಕೆ ಬಲ. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿಯ ಅಡಿಯಲ್ಲಿ ಒಂದು ಕಾಗದ ತೂರಿಸಿ ನೋಡಿದೆ. ಎಲ್ಲೂ ತಾಗದೆ ಆಚೆ ಬಂತು.