ಸಾಕು ಅನ್ನುವ ಮಗು

2000ದಲ್ಲಿ ಅಮೆರಿಕದಲ್ಲಿ ಒಂದು ಸಣ್ಣ ಪ್ರಯೋಗ ನಡೆಯಿತು. ಪುಟ್ಟ ಮಕ್ಕಳಿಗೆ ಮಧ್ಯಾಹ್ನದ ಊಟಕ್ಕೆ ಮ್ಯಾಕರೋನಿ ಬಡಿಸಿದರು. ಒಂದು ದಿನ ಸ್ವಲ್ಪ, ಇನ್ನೊಂದು ದಿನ ಹದವಾಗಿ, ಮತ್ತೊಂದು ದಿನ ತಟ್ಟೆ ತುಂಬ. ಮೂರು ವರ್ಷದ ಮಕ್ಕಳು ಎಷ್ಟೇ ಬಡಿಸಿದರೂ ಹೆಚ್ಚುಕಡಿಮೆ ಅಷ್ಟೇ ತಿಂದು ಎದ್ದರು. ಐದು ವರ್ಷದವರು ಹಾಗಲ್ಲ, ಜಾಸ್ತಿ ಹಾಕಿದ ದಿನ ಜಾಸ್ತಿ ತಿಂದರು. ಆಮೇಲಿನ ಅಧ್ಯಯನಗಳಲ್ಲಿ ವಯಸ್ಸಿನ ಈ ಗೆರೆ ಇಷ್ಟು ಸ್ಪಷ್ಟವಾಗಿ ಕಂಡಿಲ್ಲ, ನಿಜ. ಆದರೆ ಪುಟ್ಟ ಮಗುವಿಗೆ ಹೊಟ್ಟೆ ತುಂಬಿದ್ದು ತಾನಾಗಿ ಗೊತ್ತಾಗುತ್ತದೆ, ಬೆಳೆಯುತ್ತಾ ಹೋದಂತೆ ಹೊಟ್ಟೆಯ ಮಾತಿಗಿಂತ ತಟ್ಟೆಯ ಮಾತು ಜೋರಾಗುತ್ತದೆ ಎನ್ನುವುದಂತೂ ಹೌದು.

ಮಕ್ಕಳ ಬೊಜ್ಜಿನ ಮಾತು ಬಂದಾಗ ನಾವು ಮೊದಲು ಬೈಯುವುದು ಮಗುವನ್ನು. ತಿಂಡಿಪೋತ, ಸೋಮಾರಿ, ಬಾಯಿಚಪಲ. ಆದರೆ ಹಸಿವು ಅನ್ನೋದು ಬುದ್ಧಿ ಹೇಳಿದರೆ ಕೇಳುವಂಥದ್ದಲ್ಲ. 1994ರಲ್ಲಿ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ತಂಡ ಲೆಪ್ಟಿನ್ ಎಂಬ ಹಾರ್ಮೋನಿನ ಜೀನ್ ಪತ್ತೆ ಮಾಡಿತು. ಕೊಬ್ಬಿನ ಕೋಶಗಳೇ ಇದನ್ನು ತಯಾರಿಸಿ, ದಾಸ್ತಾನು ಎಷ್ಟಿದೆ ಎಂದು ಮೆದುಳಿಗೆ ತಿಳಿಸುತ್ತವೆ. ಮೂರು ವರ್ಷದ ನಂತರ ಕೇಂಬ್ರಿಜ್‌ನ ವೈದ್ಯರು, ಹುಟ್ಟಿನಿಂದಲೇ ಲೆಪ್ಟಿನ್ ಇಲ್ಲದ ಒಂದೇ ಕುಟುಂಬದ ಇಬ್ಬರು ಮಕ್ಕಳ ಬಗ್ಗೆ ಬರೆದರು. ಹುಡುಗಿಗೆ ಎಂಟು ವರ್ಷ, ತೂಕ 86 ಕೆಜಿ. ಎಷ್ಟು ತಿಂದರೂ ಅವಳ ಮೆದುಳಿಗೆ ‘ಇನ್ನೂ ಉಪವಾಸ’ ಎಂಬ ಸುದ್ದಿಯೇ ಹೋಗುತ್ತಿತ್ತು. ಲೆಪ್ಟಿನ್ ಚುಚ್ಚುಮದ್ದು ಶುರುವಾದ ಮೇಲೆ ಹಸಿವು ತಗ್ಗಿತು, ಒಂದು ವರ್ಷದಲ್ಲಿ 16 ಕೆಜಿ ಇಳಿಯಿತು. ಅಲ್ಲಿಯವರೆಗೆ ಯಾರು ಎಷ್ಟು ಗದರಿದ್ದರೂ ಏನೂ ಆಗುತ್ತಿರಲಿಲ್ಲ.

ಇಂಥ ಕಾಯಿಲೆ ತೀರಾ ಅಪರೂಪ. ಬೊಜ್ಜಿರುವ ಬಹುಪಾಲು ಮಕ್ಕಳಲ್ಲಿ ಲೆಪ್ಟಿನ್ ಬೇಕಾದಷ್ಟು ಇರುತ್ತದೆ. ಅವರಲ್ಲಿ ಕೆಲಸ ಮಾಡುವುದು ಒಂದೊಂದೂ ಚೂರುಪಾರು ಪರಿಣಾಮ ಬೀರುವ ನೂರಾರು ಜೀನ್‌ಗಳು. ಹಾಗಾಗಿಯೇ ಒಂದೇ ಮನೆಯ, ಒಂದೇ ಊಟದ ಇಬ್ಬರು ಮಕ್ಕಳಲ್ಲಿ ಒಬ್ಬ ಕಡ್ಡಿ, ಇನ್ನೊಬ್ಬ ದುಂಡಗೆ. ಆದರೆ ಎಲ್ಲವನ್ನೂ ಜೀನ್ ತಲೆಗೆ ಕಟ್ಟುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 5ರಿಂದ 19 ವರ್ಷದವರಲ್ಲಿ ಬೊಜ್ಜಿನ ಪ್ರಮಾಣ 1990ರಲ್ಲಿ ಶೇ. 2 ಇತ್ತು, 2022ರಲ್ಲಿ ಶೇ. 8 ಆಯಿತು. ಅಂದರೆ 16 ಕೋಟಿ ಮಕ್ಕಳು. ಮೂವತ್ತು ವರ್ಷದಲ್ಲಿ ಮನುಷ್ಯರ ಜೀನ್ ಬದಲಾಗಲ್ಲ. ಬದಲಾಗಿದ್ದು ಮಕ್ಕಳ ಸುತ್ತಲಿನ ಜಗತ್ತು.

ಏನೇನು ಬದಲಾಯಿತು? ಪಟ್ಟಿ ದೊಡ್ಡದು. ನನ್ನ ಮಟ್ಟಿಗೆ ಮೊದಲ ಜಾಗ ಸಿಹಿ ಪಾನೀಯಗಳಿಗೆ, ಯಾಕೆಂದರೆ ಅವುಗಳ ವಿರುದ್ಧ ಸಾಕ್ಷ್ಯ ಗಟ್ಟಿಯಾಗಿದೆ. ನೆದರ್‌ಲ್ಯಾಂಡ್ಸ್‌ನಲ್ಲಿ 641 ಮಕ್ಕಳಿಗೆ ಹದಿನೆಂಟು ತಿಂಗಳು ದಿನಕ್ಕೊಂದು ಕ್ಯಾನ್ ಪಾನೀಯ ಕೊಟ್ಟರು, 250 ಮಿಲಿ. ಅರ್ಧದಷ್ಟು ಮಕ್ಕಳ ಕ್ಯಾನಿನಲ್ಲಿ ಸಕ್ಕರೆ, ಉಳಿದವರದ್ದರಲ್ಲಿ ಸಕ್ಕರೆಯಿಲ್ಲದ ಸಿಹಿಕಾರಕ. ಯಾರಿಗೆ ಯಾವುದು ಎಂದು ಮಕ್ಕಳಿಗೂ ಗೊತ್ತಿಲ್ಲ, ಕೊಟ್ಟವರಿಗೂ ಗೊತ್ತಿಲ್ಲ. 2012ರಲ್ಲಿ ಫಲಿತಾಂಶ ಬಂತು: ಆ ಹದಿನೆಂಟು ತಿಂಗಳಲ್ಲಿ ಸಕ್ಕರೆ ಕುಡಿದವರ ತೂಕ ಸರಾಸರಿ 7.37 ಕೆಜಿ ಏರಿತ್ತು, ಇನ್ನೊಂದು ಗುಂಪಿನದ್ದು 6.35 ಕೆಜಿ. ಬೆಳೆಯುವ ಮಕ್ಕಳ ತೂಕ ಹೇಗೂ ಏರುತ್ತದೆ. ಆದರೆ ದಿನಕ್ಕೆ ಬರೀ 104 ಕ್ಯಾಲೊರಿ ವ್ಯತ್ಯಾಸಕ್ಕೆ ಒಂದು ಕೆಜಿ ಜಾಸ್ತಿ! ಕುಡಿದ ಸಕ್ಕರೆಯನ್ನು ದೇಹ ಸರಿಯಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಗಿದು ತಿಂದಿದ್ದರೆ ಮುಂದಿನ ಊಟ ತುಸು ಕಡಿಮೆಯಾಗುತ್ತಿತ್ತು, ಕುಡಿದಾಗ ಹಾಗಾಗುವುದು ಕಡಿಮೆ. ಹಣ್ಣಿನ ರಸದ ಕಥೆಯೂ ಹೆಚ್ಚು ಬೇರೆಯಲ್ಲ. ಹಣ್ಣು ಬೇರೆ, ಅದನ್ನು ಹಿಂಡಿ ನಾರು ಬಿಸಾಕಿದ ರಸ ಬೇರೆ.

ಎರಡನೆಯದು ಪರದೆ. ಮೈ ಅಲುಗಾಡದಿರುವುದಷ್ಟೇ ಅದರ ತೊಂದರೆ ಅಲ್ಲ. ಟಿವಿ, ಮೊಬೈಲ್ ಮುಂದೆ ಕೂತ ಮಗು ಏನು ತಿಂದೆ, ಎಷ್ಟು ತಿಂದೆ ಎನ್ನುವುದನ್ನೇ ಗಮನಿಸುವುದಿಲ್ಲ. ನಡುನಡುವೆ ತಿಂಡಿಯ ಜಾಹೀರಾತು ಬೇರೆ. 1999ರಲ್ಲಿ ಪ್ರಕಟವಾದ ಕ್ಯಾಲಿಫೋರ್ನಿಯಾದ ಒಂದು ಪ್ರಯೋಗದಲ್ಲಿ ಶಾಲಾಮಕ್ಕಳಿಗೆ ಡಯಟ್ ಹೇಳಲಿಲ್ಲ, ವ್ಯಾಯಾಮ ಹೇಳಲಿಲ್ಲ, ಟಿವಿ, ವಿಡಿಯೊ ಗೇಮ್ ಕಡಿಮೆ ಮಾಡಿಸಿದರು ಅಷ್ಟೇ. ಟಿವಿ ಮುಂದೆ ಉಣ್ಣುವುದು ತಗ್ಗಿತು. ಅವರ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಅಳತೆ, ಹೀಗೆ ಟಿವಿ ಕಡಿಮೆ ಮಾಡಿಸದ ಇನ್ನೊಂದು ಶಾಲೆಯ ಮಕ್ಕಳಷ್ಟು ಏರಲಿಲ್ಲ.

ಪರದೆ ನಿದ್ದೆಯನ್ನೂ ಕದಿಯುತ್ತದೆ. 6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ ನಿದ್ದೆ ಬೇಕು. ನಿದ್ದೆಗೆಟ್ಟವರಿಗೆ ಹಸಿವೂ ಜಾಸ್ತಿ, ಸಿಹಿ-ಎಣ್ಣೆಯ ಆಸೆಯೂ ಜಾಸ್ತಿ.

ಇನ್ನು, ಮಗುವಿಗೆ ನಿಜವಾಗಿ ಬೊಜ್ಜು ಬಂದಿದೆಯಾ ಎಂದು ಕಣ್ಣಳತೆಯಲ್ಲಿ ಹೇಳುವುದು ಕಷ್ಟ. ದೊಡ್ಡವರಿಗಿರುವ ಬಿಎಂಐ ಗೆರೆಗಳು ಮಕ್ಕಳಿಗೆ ಹೊಂದುವುದಿಲ್ಲ. ವಯಸ್ಸು, ಗಂಡೋ ಹೆಣ್ಣೋ ಎಂಬುದನ್ನು ನೋಡಿ ಬೆಳವಣಿಗೆ ಚಾರ್ಟಿನಲ್ಲಿ ಗುರುತು ಹಾಕಬೇಕು. ಇದಕ್ಕೊಂದು ಸ್ವಾರಸ್ಯದ ಕಾರಣವಿದೆ. ಮೊದಲ ವರ್ಷ ಬಿಎಂಐ ಏರುತ್ತದೆ, ಆಮೇಲೆ ಇಳಿಯುತ್ತದೆ. ಹಾಲುಗಲ್ಲ ಕರಗಿ ಐದಾರು ವರ್ಷಕ್ಕೆ ಮಗು ತೆಳ್ಳಗೆ ಕಾಣುತ್ತದೆ. ಅಲ್ಲಿಂದ ಮತ್ತೆ ನಿಧಾನಕ್ಕೆ ಏರಿಕೆ. ಈ ಎರಡನೇ ಏರಿಕೆ ಬೇಗ ಶುರುವಾದ ಮಕ್ಕಳಲ್ಲಿ ಮುಂದೆ ಬೊಜ್ಜಿನ ಸಾಧ್ಯತೆ ಹೆಚ್ಚು. ತಮಾಷೆ ಅಂದರೆ, ಸಹಜವಾಗಿ ತೆಳ್ಳಗಾಗುವ ಆ ಹೊತ್ತಿನಲ್ಲೇ ‘ಮಗು ಸೊರಗಿದೆ’ ಎಂದು ನಾವು ಅಟ್ಟಾಡಿಸಿ ಉಣಿಸಲು ಶುರು ಮಾಡುತ್ತೇವೆ.

ಬೊಜ್ಜಿನ ತೊಂದರೆಗಳು ದೊಡ್ಡವರಾದ ಮೇಲೆ ಬರುವಂಥವು ಎಂಬ ನಂಬಿಕೆ ಹಳೆಯದಾಯಿತು. ಟೈಪ್ 2 ಡಯಾಬಿಟಿಸ್, ಬಿಪಿ, ಫ್ಯಾಟಿ ಲಿವರ್ ಈಗ ಶಾಲಾಮಕ್ಕಳಲ್ಲೇ ಕಾಣುತ್ತಿವೆ. ಕತ್ತಿನ ಹಿಂದೆ, ಕಂಕುಳಲ್ಲಿ ಚರ್ಮ ಕಪ್ಪಾಗಿ ಮಖಮಲ್ಲಿನಂತೆ ದಪ್ಪಗಾಗಿದ್ದರೆ ಕೊಳೆ ಎಂದು ಉಜ್ಜಬೇಡಿ. ಅದು ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎನ್ನುವ ಸೂಚನೆ ಇರಬಹುದು. ಗೊರಕೆ, ನಿದ್ದೆಯಲ್ಲಿ ಉಸಿರು ಕಟ್ಟುವುದು, ಸೊಂಟದ ಕೀಲು ಜರುಗುವುದು, ಹುಡುಗಿಯರು ಬೇಗ ಮೈನೆರೆಯುವುದು ಇವೂ ಉಂಟು. ಇವೆಲ್ಲಕ್ಕಿಂತ ಮೊದಲು, ದಿನವೂ ನಾಟುವುದು ಗೆಳೆಯರ ಗೇಲಿ. ಅದಕ್ಕೆ ಹೆದರಿ ಮಗು ಆಟದ ಮೈದಾನದಿಂದ ದೂರ ಉಳಿಯುತ್ತದೆ, ಬೇಜಾರಿಗೆ ಇನ್ನಷ್ಟು ತಿನ್ನುತ್ತದೆ.

2008ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಕೊಬ್ಬಿನ ಕೋಶಗಳ ವಯಸ್ಸು ಅಳೆದ ರೀತಿ ನನಗೆ ಅಚ್ಚರಿ ತರಿಸುತ್ತದೆ. ಶೀತಲ ಸಮರದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಗೆ ಸೇರಿದ ಕಾರ್ಬನ್-14 ಎಂಬ ವಿಕಿರಣಶೀಲ ಕಾರ್ಬನ್, ಆಗ ಹುಟ್ಟಿದ ಕೋಶಗಳ ಡಿಎನ್ಎಯಲ್ಲಿ ಕೂತಿತ್ತು. ಅದನ್ನೇ ತಾರೀಖಿನ ಮುದ್ರೆಯಂತೆ ಓದಿದರು. ಕೊಬ್ಬಿನ ಕೋಶಗಳ ಸಂಖ್ಯೆ ಬಾಲ್ಯ, ಹರೆಯದಲ್ಲೇ ನಿಗದಿಯಾಗಿ, ಆಮೇಲೆ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ ಎಂದು ಕಂಡುಬಂತು. ತೂಕ ಇಳಿಸಿದಾಗ ಕೋಶಗಳು ಕುಗ್ಗುತ್ತವೆ, ಸಂಖ್ಯೆ ತಗ್ಗುವುದಿಲ್ಲ. ಬಾಲ್ಯದಲ್ಲೇ ತಡೆಯಿರಿ ಎಂದು ವೈದ್ಯರು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ. ಹಾಗಂತ ಗಾಬರಿ ಬೇಡ. ಇವತ್ತು ಬೊಜ್ಜಿರುವ ದೊಡ್ಡವರಲ್ಲಿ ಹೆಚ್ಚಿನವರು ಚಿಕ್ಕವರಿದ್ದಾಗ ಹಾಗಿರಲೇ ಇಲ್ಲ.

ಮನೆಯಲ್ಲಿ ಮಾಡಬಹುದಾದ್ದು ಬಹಳ ಸರಳ, ಮಾಡಲು ಕಷ್ಟ ಅಷ್ಟೇ. ಏನು ಬಡಿಸಬೇಕು, ಯಾವಾಗ ಬಡಿಸಬೇಕು ಎನ್ನುವುದು ದೊಡ್ಡವರ ಕೆಲಸ. ಎಷ್ಟು ತಿನ್ನಬೇಕು ಎನ್ನುವುದು ಮಗುವಿಗೆ ಬಿಟ್ಟಿದ್ದು. ‘ಇನ್ನೊಂದೇ ತುತ್ತು’ ಎಂಬ ಒತ್ತಾಯ ಬೇಡ. ಹೋಂವರ್ಕ್ ಮುಗಿಸಿದ್ದಕ್ಕೆ ಚಾಕೊಲೇಟ್ ಲಂಚವೂ ಬೇಡ. ಕಣ್ಣೆದುರೇ ಇಟ್ಟು ‘ಮುಟ್ಟಬೇಡ’ ಅಂದರೆ ಆಸೆ ಇನ್ನೂ ಕೆರಳುತ್ತದೆ. ಮನೆಗೇ ತರದಿರುವುದು ಸುಲಭ. ದಿನಕ್ಕೆ ಒಂದು ಗಂಟೆ ಬೆವರುವಷ್ಟು ಆಟ ಸಾಕು, ಅದಕ್ಕೆ ಜಿಮ್ ಬೇಕಿಲ್ಲ. ಒಬ್ಬ ಮಗುವಿಗೆ ಮಾತ್ರ ಬೇರೆ ಊಟ, ಬೇರೆ ನಿಯಮ ಮಾಡಬೇಡಿ, ಮನೆಮಂದಿಯೆಲ್ಲ ಬದಲಾಗಬೇಕು. ಬೆಳೆಯುತ್ತಿರುವ ಎಷ್ಟೋ ಮಕ್ಕಳಲ್ಲಿ ತೂಕ ಇಳಿಸುವುದೇ ಬೇಕಾಗುವುದಿಲ್ಲ. ತೂಕ ಇದ್ದಲ್ಲೇ ನಿಂತರೆ ಎತ್ತರ ಬೆಳೆದು ಲೆಕ್ಕ ಸರಿಹೋಗುತ್ತದೆ. ಆದರೆ ತೂಕ ಏರುತ್ತಿದ್ದು ಎತ್ತರ ಮಾತ್ರ ನಿಂತುಹೋಗಿದ್ದರೆ ಹಾರ್ಮೋನಿನ ತೊಂದರೆ ಇರಬಹುದು, ವೈದ್ಯರಿಗೆ ತೋರಿಸಿ.

ಎಲ್ಲವನ್ನೂ ಅಪ್ಪ-ಅಮ್ಮನ ಹೆಗಲಿಗೇ ಹೊರಿಸುವುದು ಅನ್ಯಾಯ. ಚಿಲಿ ದೇಶ 2016ರಲ್ಲಿ ಸಕ್ಕರೆ, ಉಪ್ಪು, ಕೊಬ್ಬು ಜಾಸ್ತಿಯಿರುವ ಪೊಟ್ಟಣಗಳ ಮೇಲೆ ಕಪ್ಪು ಎಚ್ಚರಿಕೆ ಗುರುತು ಕಡ್ಡಾಯ ಮಾಡಿ, ಅವುಗಳ ಮೇಲಿನ ಕಾರ್ಟೂನ್ ಪ್ರಾಣಿಗಳನ್ನು ಓಡಿಸಿತು. ಬ್ರಿಟನ್ 2018ರಲ್ಲಿ ಸಿಹಿ ಪಾನೀಯಗಳ ಮೇಲೆ, ಅವುಗಳಲ್ಲಿರುವ ಸಕ್ಕರೆಯ ಪ್ರಮಾಣ ನೋಡಿ ತೆರಿಗೆ ಹಾಕಿತು. ಎರಡು ವರ್ಷ ಮೊದಲೇ ಘೋಷಿಸಿದ್ದರಿಂದ, ತೆರಿಗೆ ತಪ್ಪಿಸಿಕೊಳ್ಳಲು ಅನೇಕ ಕಂಪನಿಗಳು ಅಷ್ಟರಲ್ಲೇ ಸಕ್ಕರೆ ಕಡಿಮೆ ಮಾಡಿಬಿಟ್ಟವು. ಆಮೇಲೆ ನೋಡಿದರೆ ಇಂಗ್ಲೆಂಡಿನ 10–11 ವರ್ಷದ ಹುಡುಗಿಯರಲ್ಲಿ ಬೊಜ್ಜಿನ ಪ್ರಮಾಣ, ತೆರಿಗೆ ಇಲ್ಲದಿದ್ದರೆ ಇರಬಹುದಾಗಿದ್ದಕ್ಕಿಂತ ಶೇ. 8ರಷ್ಟು ಕಡಿಮೆ ಇತ್ತು. ಹುಡುಗರಲ್ಲಿ ಮಾತ್ರ ಅಂಥ ಇಳಿಕೆ ಕಾಣಲಿಲ್ಲ.